ಹುಲಿಗೆಪ್ಪನ ದಾವೆ

“ಗುರುಗಳೇ, ಮನಸ್ಸಿನಲ್ಲಿ ಕ್ಷಮಿಸಿದವನು ನ್ಯಾಯಾಲಯದ ಮೆಟ್ಟಿಲು ಹತ್ತಬಹುದೇ? ಹತ್ತಿದರೆ ಅವನ ಕ್ಷಮೆ ಸುಳ್ಳಾಗುವುದಿಲ್ಲವೇ?”

ಮಠದ ಶಿಷ್ಯ ಅಡವೀಶ ಹೀಗೆ ಕೇಳಲು ಕಾರಣವಿತ್ತು. ಅಂದು ಬೆಳಿಗ್ಗೆ ಬಣ್ಣದ ಕಾರ್ಖಾನೆಯ ಮಾಲೀಕರೊಬ್ಬರು ಮಠಕ್ಕೆ ಬಂದಿದ್ದರು. ಕಾರ್ಖಾನೆಯ ಹೊಗೆಯಿಂದ ಕಾಯಿಲೆ ಬಿದ್ದ ಕೆಲವರು ಅವರ ಮೇಲೆ ದಾವೆ ಹೂಡಿದ್ದರು. ದಾವೆ ಹೂಡಿದವರೂ ಈ ಮಠದ ಭಕ್ತರೇ. ಆದದ್ದು ಆಯಿತು, ಕ್ಷಮಿಸಿ ದಾವೆ ಹಿಂದಕ್ಕೆ ತೆಗೆದುಕೊಳ್ಳಿ ಎಂದು ತಾವು ಅವರಿಗೆ ಒಂದು ಮಾತು ಹೇಳಬೇಕು ಎಂದು ಮಾಲೀಕರು ಗುರುಗಳನ್ನು ಬೇಡಿಕೊಂಡು ಹೋಗಿದ್ದರು. ನಡೆನುಡಿಯಲ್ಲಿ ಒಳ್ಳೆಯ ಮನುಷ್ಯರು. ಅಡವೀಶನಿಗೆ ಅವರ ಮಾತು ಸರಿಯೆನಿಸಿತ್ತು. ಕ್ಷಮೆಯನ್ನು ಬೋಧಿಸುವ ಮಠ ಇನ್ನೇನು ತಾನೇ ಹೇಳೀತು ಎಂದುಕೊಂಡಿದ್ದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕುಳಿತುಕೋ ಎಂದು ಕೈಸನ್ನೆ ಮಾಡಿ, ಒಂದು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಬೆಣಚುಕಲ್ಲನ್ನು ಅರೆದು ಪುಡಿ ಮಾಡುವ ಗಿರಣಿ ಇತ್ತು. ಆ ಪುಡಿ ಗಾಜಿನ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಹುಲಿಗೆಪ್ಪ ಎಂಬವನು ಗಿರಣಿಯ ಬಾಯಿಗೆ ಕಲ್ಲು ಸುರಿಯುವ ಕೆಲಸಕ್ಕಿದ್ದ. ಮೀಸೆ ಮೂಡುವಾಗ ಸೇರಿದವನು, ಮಗಳನ್ನು ಗಂಡನ ಮನೆಗೆ ಕಳಿಸಿದ ಮೇಲೂ ಅದೇ ಜಾಗದಲ್ಲಿ ನಿಂತಿದ್ದ. ಕಲ್ಲು ಅರೆಯುವಾಗ ಏಳುವ ಧೂಳು ಹಿಟ್ಟಿಗಿಂತ ನುಣುಪು. ಸಂಜೆ ಹೊರಗೆ ಬಂದರೆ ಅವನ ತಲೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಿರುತ್ತಿದ್ದವು. ತೊಟ್ಟಿಯ ನೀರಿನಲ್ಲಿ ತೊಳೆದುಕೊಂಡರೆ ಮೈಮೇಲಿನದು ಹೋಗುತ್ತಿತ್ತು. ಅಷ್ಟೇ ಇದೆ ಎಂದು ಅವನು ತಿಳಿದಿದ್ದ.

ಗಿರಣಿಯ ಧಣಿ ಕೆಟ್ಟವನಲ್ಲ. ಕೂಲಿಯನ್ನು ತಡ ಮಾಡಿದವನಲ್ಲ. ಕೆಲಸಗಾರರ ಮನೆಯ ಮದುವೆಗೆ ಬಂದು ಅಕ್ಷತೆ ಹಾಕಿ, ಪಂಕ್ತಿಯಲ್ಲಿ ಕೂತು ಉಂಡು ಹೋಗುವವನು. ದಿನವೂ ಮಧ್ಯಾಹ್ನ ಎಲ್ಲರಿಗೂ ಒಂದೊಂದು ತುಂಡು ಬೆಲ್ಲ ಹಂಚಿಸುತ್ತಿದ್ದ. ಬೆಲ್ಲ ತಿಂದರೆ ಗಂಟಲಿನ ಧೂಳು ಕರಗಿ ಇಳಿಯುತ್ತದೆ ಎಂದು ಅವನ ತಂದೆ ಹೇಳಿದ್ದ. ಅವನೂ ಅದನ್ನು ನಂಬಿದ್ದ.

ಗಿರಣಿಯ ಬಾಯಿಗೆ ಧೂಳು ಹೀರುವ ಕೊಳವೆ ಇರಲೇಬೇಕು, ಗಿರಣಿ ಓಡುವಷ್ಟು ಹೊತ್ತೂ ಅದು ಓಡಲೇಬೇಕು ಎಂದು ಕಾನೂನಿತ್ತು. ಕೊಳವೆಯೂ ಇತ್ತು. ಆದರೆ ಅದು ಕರೆಂಟು ಬಹಳ ತಿನ್ನುತ್ತದೆ, ಒಳ್ಳೆಯ ಪುಡಿಯನ್ನೂ ಎಳೆದುಕೊಂಡು ಹೋಗುತ್ತದೆ ಎಂದು ಧಣಿ ಅದನ್ನು ನಿಲ್ಲಿಸಿಬಿಟ್ಟಿದ್ದ. ತಪಾಸಣೆಯ ಅಧಿಕಾರಿ ಬರುವ ದಿನ ಮುಂಚೆಯೇ ಗೊತ್ತಾಗುತ್ತಿತ್ತು. ಅಂದು ಮಾತ್ರ ಕೊಳವೆ ಓಡುತ್ತಿತ್ತು. ಧೂಳು ಏಳದಂತೆ ಅಂಗಳಕ್ಕೆ ನೀರು ಚಿಮುಕಿಸುವವನು ಹುಲಿಗೆಪ್ಪನೇ. ಅಧಿಕಾರಿ ಸುತ್ತಾಡಿ ನೋಡುತ್ತಿದ್ದ, ಎಲ್ಲ ಸರಿಯಿದೆ ಎನ್ನುತ್ತಿದ್ದ, ಚಹಾ ಕುಡಿದು ಹೋಗುತ್ತಿದ್ದ. ಅವನ ಜೀಪು ತಿರುವು ದಾಟಿದ ಮೇಲೆ ಕೊಳವೆ ನಿಲ್ಲುತ್ತಿತ್ತು. ಇದರಲ್ಲಿ ಯಾರಿಗೂ ಏನೂ ತಪ್ಪು ಕಂಡಿರಲಿಲ್ಲ, ಹುಲಿಗೆಪ್ಪನಿಗೂ ಕಂಡಿರಲಿಲ್ಲ.

ಒಂದು ವರ್ಷ ಅವನಿಗೆ ಏರು ಹತ್ತುವಾಗ ಉಸಿರು ಸಾಲದಾಯಿತು. ಬರುಬರುತ್ತ ಸಮನೆಲದಲ್ಲಿ ನಡೆಯುವಾಗಲೂ ಸಾಲದಾಯಿತು. ಊರಿನ ಡಾಕ್ಟರು ಕ್ಷಯವೆಂದು ಮಾತ್ರೆ ಕೊಟ್ಟರು. ಗುಣ ಕಾಣಲಿಲ್ಲ. ಕೊನೆಗೆ ಧಣಿಯೇ ಅವನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಜಿಲ್ಲೆಯ ದೊಡ್ಡಾಸ್ಪತ್ರೆಗೆ ಕರೆದೊಯ್ದ. ಅಲ್ಲಿಯ ಡಾಕ್ಟರಮ್ಮ ಎದೆಯ ಎಕ್ಸ್‌ರೇ ನೋಡಿ, ಇದು ಕ್ಷಯವಲ್ಲ, ಕಲ್ಲಿನ ಧೂಳು ಎದೆಯೊಳಗೆ ಕೂತಿದೆ ಎಂದರು. ಅದನ್ನು ತೆಗೆಯುವ ಔಷಧಿಯಿಲ್ಲ, ಇನ್ನು ಧೂಳಿನ ಹತ್ತಿರ ಹೋಗದಿದ್ದರೆ ಇರುವ ಉಸಿರು ಇನ್ನಷ್ಟು ಕಾಲ ಬಂದೀತು ಎಂದರು. ದಿನವೂ ಬೆಲ್ಲ ತಿನ್ನುತ್ತಿದ್ದೆನಲ್ಲ ಎಂದು ಹುಲಿಗೆಪ್ಪ ಕೇಳಿದ. ಬೆಲ್ಲ ಇಳಿಯುವ ದಾರಿ ಬೇರೆ, ಧೂಳು ಇಳಿಯುವ ದಾರಿ ಬೇರೆ ಎಂದು ಅವರು ಮೆಲ್ಲಗೆ ತಿಳಿಸಿ ಹೇಳಿದರು.

ಹಿಂತಿರುಗುವಾಗ ಧಣಿ ದಾರಿಯಲ್ಲಿ ಕಾರು ನಿಲ್ಲಿಸಿದ. ಹುಲಿಗೆಪ್ಪನ ಕೈ ಹಿಡಿದುಕೊಂಡು, ತಪ್ಪಾಯಿತು ಎಂದ. ಕಣ್ಣಲ್ಲಿ ನೀರು ತುಂಬಿತ್ತು. ಅದು ತೋರಿಕೆಯ ನೀರಲ್ಲ. ಹುಲಿಗೆಪ್ಪ ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಬೇಕೆಂದು ಮಾಡಿದ್ದಲ್ಲ, ಬಿಡಿ ಧಣಿ ಎಂದ. ಹಾಗೆ ಹೇಳುವಾಗ ಅವನ ಮನಸ್ಸಿನಲ್ಲಿ ನಿಜವಾಗಿಯೂ ಏನೂ ಉಳಿದಿರಲಿಲ್ಲ.

ಧಣಿ ಅವನನ್ನು ಗೇಟಿನ ಕಾವಲಿಗೆ ಕೂರಿಸಿದ. ಕೂಲಿ ಮೊದಲಿನಷ್ಟೇ. ಔಷಧಿಯ ಖರ್ಚು ಧಣಿಯದು. ಧೂಳಿಲ್ಲದ ಗಾಳಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಹೋಗುವ ಬರುವ ಲಾರಿಗೆ ಗೇಟು ತೆಗೆಯುವುದು. ಇಷ್ಟು ಸುಖವನ್ನು ಅವನು ಹಿಂದೆ ಕಂಡಿರಲಿಲ್ಲ. ಮಧ್ಯಾಹ್ನದ ಬೆಲ್ಲ ಹಂಚುವ ಕೆಲಸವನ್ನೂ ಅವನಿಗೇ ಒಪ್ಪಿಸಿದರು.

ಅವನು ಬಿಟ್ಟ ಜಾಗಕ್ಕೆ ಗಾಳೆವ್ವ ಎಂಬವಳು ಬಂದಳು. ಗಟ್ಟಿಮುಟ್ಟಾದ ಹೆಂಗಸು. ಗಂಡಸರು ಇಬ್ಬರು ಹಿಡಿದು ಎತ್ತುವ ಬುಟ್ಟಿಯನ್ನು ಒಬ್ಬಳೇ ಎತ್ತುತ್ತಿದ್ದಳು. ಕೆಲಸಕ್ಕೆ ಸೇರಿದ ಕೆಲವೇ ದಿನಗಳಲ್ಲಿ ಒಂದು ಮಧ್ಯಾಹ್ನ ಅವಳು ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಬಂದು ಹುಲಿಗೆಪ್ಪನ ಮುಂದೆ ಕೈಯೊಡ್ಡಿದಳು.

“ಇದನ್ನು ತಿಂದರೆ ಧೂಳು ಇಳಿದು ಹೋಗುತ್ತದಂತೆ, ಹೌದೇ ಅಣ್ಣ?” ಎಂದು ಕೇಳಿದಳು.

ಕೊಡಲು ಎತ್ತಿದ ಬೆಲ್ಲ ಹುಲಿಗೆಪ್ಪನ ಕೈಯಲ್ಲೇ ಉಳಿಯಿತು. ಅವಳು ನಕ್ಕು ತಾನೇ ತೆಗೆದುಕೊಂಡು ಹೋದಳು.

ಅಂದಿನಿಂದ ಕುರ್ಚಿಯ ಸುಖ ಹೋಯಿತು. ಗೇಟಿನಲ್ಲಿ ಕೂತರೆ ಗಿರಣಿಯ ಬಾಯಿ ಎದುರಿಗೇ ಕಾಣುತ್ತಿತ್ತು. ಬಿಳಿ ಮೋಡದೊಳಗೆ ಗಾಳೆವ್ವ ಬಗ್ಗುವುದು, ಏಳುವುದು ಕಾಣುತ್ತಿತ್ತು. ಪಕ್ಕದಲ್ಲೇ ಕೊಳವೆ ಸುಮ್ಮನೆ ನಿಂತಿರುತ್ತಿತ್ತು. ಅವನು ಧಣಿಯ ಬಳಿ ಹೋಗಿ, ಕೊಳವೆ ಓಡಿಸಿ ಎಂದು ಕೇಳಿದ. ಈ ತಿಂಗಳು ಕಳೆಯಲಿ ಎಂದ ಧಣಿ. ತಿಂಗಳು ಕಳೆದ ಮೇಲೆ ಮತ್ತೆ ಕೇಳಿದ. ದೀಪಾವಳಿ ಮುಗಿಯಲಿ ಎಂದ. ದೀಪಾವಳಿಯೂ ಮುಗಿಯಿತು.

ಹುಲಿಗೆಪ್ಪ ಬಸ್ಸು ಹತ್ತಿ ತಾಲ್ಲೂಕಿಗೆ ಹೋದ. ಬಡವರಿಗೆ ಪುಕ್ಕಟೆಯಾಗಿ ವಾದಿಸುವ ವಕೀಲೆಯೊಬ್ಬರು ಅಲ್ಲಿದ್ದರು. ಅವರಿಂದ ಧಣಿಯ ಮೇಲೆ ದಾವೆ ಹಾಕಿಸಿ ಬಂದ.

ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ ಧಣಿಯ ಮೇಲೆ ದಾವೆಯೇ ಎಂದು ಊರು ಮೂಗು ಮುರಿಯಿತು. ಮೇಸ್ತ್ರಿ ಅವನ ಕುರ್ಚಿಯನ್ನು ಒಳಗೆ ಎತ್ತಿಸಿಟ್ಟು, ನಾಳೆಯಿಂದ ಬರಬೇಡ ಎಂದ. ಧಣಿ ಬೇರೆ ಕಡೆ ನೋಡಿದ. ಗಾಳೆವ್ವನೇ ಅವನ ಮನೆಯ ಬಾಗಿಲಿಗೆ ಬಂದು, ಗಿರಣಿ ಮುಚ್ಚಿದರೆ ನಮ್ಮ ಒಲೆ ಉರಿಯುವುದು ಹೇಗೆ ಎಂದು ಬೈದು ಹೋದಳು. ಅವನ ಹೆಂಡತಿ ನಾಲ್ಕು ಮನೆಯ ಪಾತ್ರೆ ತಿಕ್ಕಿ ಸಂಸಾರ ನಡೆಸಿದಳು. ವಿಚಾರಣೆ ಮುಂದಕ್ಕೆ ಹೋದಾಗಲೆಲ್ಲ ಹುಲಿಗೆಪ್ಪ ನ್ಯಾಯಾಲಯದ ಮೆಟ್ಟಿಲನ್ನು ನಿಂತು ನಿಂತು ಹತ್ತಿದ, ನಿಂತು ನಿಂತು ಇಳಿದ. ತಾನು ಮಾಡಿದ್ದು ತಪ್ಪೇನೋ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತು. ಅನ್ನಿಸಿದಾಗಲೆಲ್ಲ ಬೆಲ್ಲಕ್ಕೆ ಕೈಯೊಡ್ಡಿ ಗಾಳೆವ್ವ ಕೇಳಿದ ಪ್ರಶ್ನೆ ನೆನಪಾಗುತ್ತಿತ್ತು. ಅದಕ್ಕೆ ತಾನಿನ್ನೂ ಉತ್ತರ ಕೊಟ್ಟಿಲ್ಲ ಎಂದುಕೊಂಡು ಮತ್ತೆ ಬಸ್ಸು ಹತ್ತುತ್ತಿದ್ದ.

ಕಡೆಗೆ ಅವನನ್ನು ಕಟಕಟೆಗೆ ಕರೆದರು. ಧಣಿಯ ವಕೀಲ, ನಿನ್ನ ಧಣಿ ನಿನಗೆ ಎಂದಾದರೂ ಕೆಟ್ಟದ್ದು ಬಯಸಿದ್ದುಂಟೇ ಎಂದು ಕೇಳಿದ. ಇಲ್ಲ ಎಂದ ಹುಲಿಗೆಪ್ಪ. ಅವರ ಮೇಲೆ ನಿನಗೆ ಸಿಟ್ಟಿದೆಯೇ ಎಂದು ಕೇಳಿದ. ಇಲ್ಲ, ಎಂದೋ ಕ್ಷಮಿಸಿದ್ದೇನೆ ಎಂದ. ವಕೀಲ ಗೆದ್ದವನಂತೆ ಹೋಗಿ ಕೂತ.

ನ್ಯಾಯಾಧೀಶರಿಗೆ ಇದು ವಿಚಿತ್ರವೆನಿಸಿತು. “ಸಿಟ್ಟಿಲ್ಲದ ಮೇಲೆ ಇಲ್ಲಿಗೇಕೆ ಬಂದೆಯಪ್ಪ?” ಎಂದು ಕೇಳಿದರು.

“ಕೊಳವೆ ಓಡಿಸಲಿಕ್ಕೆ, ಸ್ವಾಮಿ. ಗಿರಣಿ ಮುಚ್ಚುವುದು ಬೇಡ. ಧಣಿಗೆ ಶಿಕ್ಷೆಯೂ ಬೇಡ. ಗಿರಣಿ ಓಡಿದಾಗಲೆಲ್ಲ ಕೊಳವೆಯೂ ಓಡಲಿ,” ಎಂದ ಹುಲಿಗೆಪ್ಪ.

ನ್ಯಾಯಾಧೀಶರು ನ್ಯಾಯಾಲಯದ ಪರವಾಗಿ ನೋಡಿಬರಲು ಬೇರೊಬ್ಬ ವಕೀಲರನ್ನು ಯಾರಿಗೂ ಹೇಳದೆ ನೇರ ಗಿರಣಿಗೆ ಕಳಿಸಿದರು. ಆ ವಕೀಲರು ತಿರುಗಿ ಬಂದಾಗ ಅವರ ಕಪ್ಪು ಕೋಟು ಬೆಳ್ಳಗಾಗಿತ್ತು. ಕಂಡದ್ದನ್ನು ಹೇಳಲು ಹೊರಟರು, ಕೆಮ್ಮು ಬಿಡಲಿಲ್ಲ. ನೀರು ತರಿಸಿ ಕೊಡಬೇಕಾಯಿತು.

ತೀರ್ಪು ಬಂತು. ಕೊಳವೆ ಓಡದಿದ್ದರೆ ಗಿರಣಿಯೂ ಓಡದಂತೆ ಎರಡಕ್ಕೂ ಒಂದೇ ಸ್ವಿಚ್ಚು ಹಾಕಿಸಬೇಕು. ಅಧಿಕಾರಿ ತಪಾಸಣೆಗೆ ಹೇಳದೇ ಬರಬೇಕು. ಕೆಲಸಗಾರರೆಲ್ಲರ ಎದೆಯನ್ನು ಪರೀಕ್ಷಿಸಬೇಕು, ಧೂಳು ಕೂತವರಿಗೆ ಧಣಿ ಪರಿಹಾರ ಕೊಡಬೇಕು. ಹುಲಿಗೆಪ್ಪ ಬೇಡದಿದ್ದರೂ ಅವನ ಹೆಸರೂ ಅದರಲ್ಲಿತ್ತು. ಗಿರಣಿ ಮುಚ್ಚಲಿಲ್ಲ.

ಧಣಿ ಕೆಲವು ತಿಂಗಳು ಮುನಿಸಿಕೊಂಡಿದ್ದ. ಆಮೇಲೆ ಒಂದು ಸಂಜೆ ತಾನಾಗಿಯೇ ಹುಲಿಗೆಪ್ಪನ ಮನೆಗೆ ಬಂದ. ಜಗಲಿಯಲ್ಲಿ ಕೂತು, ನನಗೇ ಇನ್ನೊಂದು ಮಾತು ಹೇಳಬಹುದಿತ್ತಲ್ಲ ಎಂದ. ಹೇಳಿದ್ದೆ ಧಣಿ, ಗಿರಣಿಯ ಸದ್ದು ಜಾಸ್ತಿ ಇತ್ತು ಎಂದ ಹುಲಿಗೆಪ್ಪ. ಧಣಿಗೆ ನಗು ತಡೆಯಲಾಗಲಿಲ್ಲ. ಹುಲಿಗೆಪ್ಪನೂ ಉಸಿರು ಇದ್ದಷ್ಟು ನಕ್ಕ. ಅವನ ಹೆಂಡತಿ ಇಬ್ಬರಿಗೂ ಚಹಾ ತಂದುಕೊಟ್ಟಳು. ಮರುದಿನ ಅವನ ಕುರ್ಚಿ ಮತ್ತೆ ಗೇಟಿಗೆ ಬಂತು.

ಅವನ ಎದೆ ಗುಣವಾಗಲಿಲ್ಲ. ಆದರೂ ಇನ್ನೂ ಕೆಲವು ವರ್ಷ ಬದುಕಿದ. ಗಾಳೆವ್ವ ಸಂಜೆ ಗೇಟು ದಾಟುವಾಗ ಅವನು ಅವಳ ಸೀರೆಯನ್ನು ನೋಡುತ್ತಿದ್ದ. ಬೆಳಿಗ್ಗೆ ಯಾವ ಬಣ್ಣದ್ದು ಉಟ್ಟು ಬಂದಿದ್ದಳೋ ಸಂಜೆಗೂ ಅದೇ ಬಣ್ಣ. ಒಂದು ದಿನ ಅವಳು, ಅಂದು ನಿಮಗೆ ಹಾಗೆ ಬೈಯಬಾರದಿತ್ತು ಅಣ್ಣ ಎಂದಳು. ಹೊತ್ತಾಯಿತು, ಮನೆಗೆ ಹೋಗವ್ವ ಎಂದು ಅವನು ಗೇಟು ತೆಗೆದ.

ಗುರುಗಳು ಕತೆ ನಿಲ್ಲಿಸಿದರು.

ಅಡವೀಶನಿಗೆ ಸಮಾಧಾನವಾಗಲಿಲ್ಲ. “ಆದರೆ ಗುರುಗಳೇ, ಹುಲಿಗೆಪ್ಪ ದಾವೆಗೆ ಮೊದಲೇ ಧಣಿಯನ್ನು ಕ್ಷಮಿಸಿದ್ದನಲ್ಲ. ಕ್ಷಮಿಸಿದ ಮೇಲೆ ಇನ್ನೇನು ಉಳಿದಿತ್ತು?”

“ಅವನು ಕ್ಷಮಿಸಿದ್ದು ತನ್ನ ಎದೆಗೆ ಆದದ್ದನ್ನು, ಗಾಳೆವ್ವನ ಎದೆಗೆ ಆಗಲಿದ್ದುದನ್ನು ಕ್ಷಮಿಸಲು ಅವನು ಯಾರು?” ಎಂದರು ಗುರುಗಳು.