ಕುದುರೆ ಮೇವಿನ ಮೇಲೆ ಉಸಿರು ಊದುವುದು ಏಕೆ?

ಭೂಮಿ ಆಗಿನ್ನೂ ಹೊಸದು. ನದಿಗಳು ಹರಿಯುವ ದಾರಿಯನ್ನು ಆಗತಾನೇ ಹುಡುಕಿಕೊಳ್ಳುತ್ತಿದ್ದವು. ಎಲ್ಲಿ ಕೂರೋಣ ಎಂದು ಬೆಟ್ಟಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಗಾಳಿಗೆ, ಮರಳಿಗೆ, ಬಾವಿಗೆ, ಗಿಡಕ್ಕೆ, ಎಲ್ಲಕ್ಕೂ ಮಾತು ಬರುತ್ತಿತ್ತು. ಕಿವಿಗೊಟ್ಟವರಿಗೆ ಅದು ಕೇಳಿಸುತ್ತಲೂ ಇತ್ತು.

ಆ ಕಾಲದಲ್ಲಿ ಝಮಕು ಎಂಬ ಹೆಂಗಸು ತನ್ನ ಅಣ್ಣ ಲಾಖೋನ ಜೊತೆ ಮರುಭೂಮಿಗೆ ಬಂದಳು. ಅವರದು ಹುಲ್ಲುಗಾವಲಿನ ನಾಡು. ಅಲ್ಲಿ ಮೇಯುವ ಬಾಯಿಗಳು ಹೆಚ್ಚಾಗಿ ಹುಲ್ಲು ಸಾಲದಾಗಿತ್ತು. ಅದಕ್ಕೇ ಏಳು ಕುದುರೆಗಳನ್ನು ಹೊಡೆದುಕೊಂಡು ಹೊರಟು ಬಂದಿದ್ದರು.

ಲಾಖೋ ಒಂದು ಬನ್ನಿ ಮರದ ಪಕ್ಕದಲ್ಲಿ ಬಾವಿ ತೋಡಿದ. ತೋಡಿದ, ತೋಡಿದ, ಆಳಕ್ಕೆ ಆಳಕ್ಕೆ ತೋಡಿದ. ಕೊನೆಗೆ ನೀರು ಸಿಕ್ಕಿತು. ಬಾವಿಯ ಪಕ್ಕ ಒಂದು ಕಲ್ಲುಬಾನಿಯನ್ನೂ ಕಡೆದಿಟ್ಟ. ಕುದುರೆಗಳ ಆರೈಕೆ ಝಮಕುವಿನದು. ಸಂಜೆ ನೀರು ಸೇದಿ ಮರುದಿನಕ್ಕೆ ಬಾನಿ ತುಂಬಿಡುವುದು, ಬೆಳಿಗ್ಗೆ ಎದ್ದು ಒಣಹುಲ್ಲನ್ನು ನೆಲದ ಮೇಲೆ ಹರವುವುದು, ಮೈ ಉಜ್ಜುವುದು, ಜೂಲು ಬಿಡಿಸುವುದು. ಹುಲ್ಲುಗಾವಲಿನಲ್ಲಿ ಅವಳ ಅಮ್ಮ ಮಾಡುತ್ತಿದ್ದುದೂ ಹೀಗೇ.

ಬೇಸಿಗೆ ಕಳೆಯಿತು. ಕುದುರೆಗಳು ಬಾನಿಗಟ್ಟಲೆ ನೀರು ಕುಡಿದವು, ಗಟ್ಟಿಮುಟ್ಟಾಗಿದ್ದವು. ನೀರು ಸೇದಿ ಸೇದಿ ಝಮಕುವಿನ ಅಂಗೈಯಲ್ಲಿ ಬೊಬ್ಬೆಗಳು ಎದ್ದವು.

ಆಮೇಲೆ ಚಳಿಗಾಲ ಬಂತು. ಮರುಭೂಮಿಗೆ ಅದು ಮೊಟ್ಟಮೊದಲ ಚಳಿಗಾಲ. ಹಗಲು ಕಾಯ್ದ ಮರಳು ಸೂರ್ಯ ಮುಳುಗುತ್ತಿದ್ದಂತೆ ತಣ್ಣಗಾಗುತ್ತಿತ್ತು. ರಾತ್ರಿಯೆಲ್ಲ ಬಾನಿಯಲ್ಲಿ ನಿಂತ ನೀರು ಬೆಳಗಾಗುವಷ್ಟರಲ್ಲಿ ಕೊರೆಯುತ್ತಿತ್ತು. ಕುದುರೆಗಳು ಬಂದು ಮೂತಿ ಇಡುತ್ತಿದ್ದವು. ಹಲ್ಲು ಜುಮ್ಮೆನ್ನುತ್ತಿತ್ತು. ತಲೆ ಕೊಡವಿ ಹಾಗೇ ಹೊರಟುಹೋಗುತ್ತಿದ್ದವು.

ಝಮಕು ಅದನ್ನು ನೋಡಿದಳು. ‘ಚಳಿಗೆ ಬಾಯಾರಿಕೆ ಕಡಿಮೆ ಇರಬೇಕು’ ಅಂದುಕೊಂಡಳು. ದಿನಕ್ಕೆ ಇಪ್ಪತ್ತು ಕೊಡ ಸೇದುತ್ತಿದ್ದವಳಿಗೆ ಈಗ ನಾಲ್ಕು ಕೊಡ ಸಾಕಾಗಿತ್ತು. ಅಂಗೈಯ ಬೊಬ್ಬೆಗಳು ಮಾಯುತ್ತಿದ್ದವು. ನಿಜ ಹೇಳಬೇಕೆಂದರೆ, ಅವಳಿಗೆ ಒಳಗೊಳಗೇ ಖುಷಿಯಾಗಿತ್ತು.

ಒಂದು ದಿನ ಲಾಖೋನ ಕುದುರೆ ಬಾದಲ್ ಮೇವು ಬಿಟ್ಟಿತು. ಬೂದುಬಣ್ಣದ, ದೊಡ್ಡ ಗುಂಡಿಗೆಯ ಕುದುರೆ ಅದು. ನಿಂತಲ್ಲೇ ಕಾಲು ಕೆರೆಯಿತು, ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಿತು. ನೆಲಕ್ಕೆ ಬಿದ್ದು ಹೊರಳಿತು. ಮೂರನೆಯ ದಿನ ಸತ್ತುಹೋಯಿತು. ಲಾಖೋ ಅದರ ಜೂಲಿನೊಳಗೆ ಕೈಯಿಟ್ಟುಕೊಂಡು ಮಧ್ಯಾಹ್ನದವರೆಗೂ ಕೂತಿದ್ದ.

ಬಾದಲ್ ಹೋಗಿ ಎರಡು ದಿನವಾಗಿರಲಿಲ್ಲ, ಕಾಜಲಿ ಮೇವು ಬಿಟ್ಟಿತು. ಕಾಜಲಿ ಕಾಡಿಗೆಯಷ್ಟು ಕಪ್ಪಗಿನ ಹೆಣ್ಣು ಕುದುರೆ. ಗಬ್ಬವಾಗಿತ್ತು. ಅದೂ ಕಾಲು ಕೆರೆಯಿತು. ಅದೂ ಕತ್ತು ತಿರುಗಿಸಿ ಹೊಟ್ಟೆಯನ್ನು ನೋಡಿಕೊಂಡಿತು.

“ಝಮಕು, ಈ ನೆಲ ನಮಗೆ ಆಗಿಬರಲಿಲ್ಲ,” ಎಂದ ಲಾಖೋ. “ನಾಳಿದ್ದು ಬೆಳಿಗ್ಗೆ ಹೊರಡೋಣ. ನಡೆಯೋಕೆ ಆಗೋ ಕುದುರೆಗಳು ಬರಲಿ.”

“ಕಾಜಲಿ?”

ಲಾಖೋ ಮರಳಿನ ಕಡೆ ನೋಡಿದ. “ಇದ್ದಿದ್ದನ್ನಾದರೂ ಉಳಿಸಿಕೊಳ್ಳಬೇಕಲ್ಲ, ತಂಗಿ.”

“ನಾಳಿದ್ದು ಅಲ್ಲವಾ? ಅಲ್ಲಿವರೆಗೂ ನನ್ನ ಪಾಡಿಗೆ ನನ್ನನ್ನು ಬಿಡು ಅಣ್ಣಾ,” ಎಂದಳು ಝಮಕು.

ಅವಳು ಕಾಜಲಿಯ ಪಕ್ಕ ಮಂಡಿಯೂರಿದಳು. ನೆಲದ ಮೇಲೆ ಬೆಳಗಿನಿಂದ ಬಿದ್ದಿದ್ದುದು ಒಂದೇ ಒಂದು ಲದ್ದಿ, ಅದೂ ಕಲ್ಲಿನ ಹಾಗೆ ಗಟ್ಟಿ. ಅದನ್ನು ಎತ್ತಿ ನೀರಿನ ಗಡಿಗೆಯಲ್ಲಿ ಹಾಕಿ ಕಿವುಚಿದಳು. ಹುಲ್ಲಿನ ಚೂರು ಮೇಲೆ ತೇಲಿತು. ಗಡಿಗೆಯ ತಳದಲ್ಲಿ ಮರಳು ನಿಂತಿತು, ಒಂದು ಹಿಡಿಯಷ್ಟು.

ಝಮಕು ಕುದುರೆಯ ಹೊಟ್ಟೆಗೆ ಕಿವಿ ಹಚ್ಚಿದಳು. ಒಳಗೆ ಸೊರ್, ಸೊರ್ ಎಂದು ಏನೋ ಸರಿದಾಡುತ್ತಿತ್ತು. ಚೀಲದಲ್ಲಿ ತುಂಬಿದ ಮರಳು ಅತ್ತ ಇತ್ತ ಹೊರಳಿದ ಹಾಗೆ.

“ಯಾರು ಅಲ್ಲಿ?” ಎಂದಳು.

“ನಾವು, ಮರಳು,” ಎಂಬ ಸಣ್ಣ ಸಣ್ಣ ದನಿಗಳು ಕೇಳಿಸಿದವು. “ಹುಲ್ಲಿನ ಜೊತೆ ಬಂದೆವು. ಹಿಂದೆಲ್ಲ ನೀರು ಬರುತ್ತಿತ್ತು, ನಮ್ಮನ್ನು ಎಳೆದುಕೊಂಡು ಹೋಗುತ್ತಿತ್ತು. ಈಗ ನೀರೂ ಬರುತ್ತಿಲ್ಲ.”

ಇಪ್ಪತ್ತು ಕೊಡ ನಾಲ್ಕಾಗಿದ್ದು ಝಮಕುವಿಗೆ ನೆನಪಾಯಿತು.

“ಹೊರಗೆ ಬನ್ನಿ. ನನ್ನ ಕುದುರೆ ಸಾಯುತ್ತಿದೆ.”

“ಹೊರಗೆ ಚಳಿ,” ಎಂದಿತು ಮರಳು. “ನಮಗೆ ಹೊದೆಯೋಕೆ ಏನಿದೆ? ಮೈಮೇಲೆ ಅಲ್ಲೊಂದು ಇಲ್ಲೊಂದು ಹುಲ್ಲು ಬಿಟ್ಟರೆ ಏನೂ ಇಲ್ಲ. ಇಲ್ಲಿ ಬೆಚ್ಚಗಿದೆ. ನಾವು ಬರಲ್ಲ.”

ಅದರಲ್ಲಿ ಕೇಡಿನ ದನಿ ಇರಲಿಲ್ಲ. ಚಳಿಗೆ ನಡುಗಿ ಅಮ್ಮನ ಸೆರಗಿನೊಳಗೆ ನುಸುಳಿದ ಮಕ್ಕಳ ದನಿ ಇತ್ತು. ಹಾಗಾಗಿ ಝಮಕುವಿಗೆ ಬೈಯಲೂ ಬಾಯಿ ಬರಲಿಲ್ಲ.

ಅವಳು ಎದ್ದು ಬಾವಿಯ ಹತ್ತಿರ ಹೋದಳು. “ಬಾವೀ, ನಿನ್ನ ನೀರು ಇಷ್ಟೊಂದು ಯಾಕೆ ಕೊರೆಯುತ್ತದೆ? ನನ್ನ ಕುದುರೆಗಳು ಮೂತಿ ಇಡಲಾರವು,” ಎಂದಳು.

“ನನ್ನ ನೀರಾ?” ಬಾವಿ ಆಳದಿಂದ ಕೇಳಿತು. “ನೀನು ಕೊಡುತ್ತಿರುವುದು ನಿನ್ನೆ ಸೇದಿಟ್ಟ ನೀರು. ಅದು ರಾತ್ರಿಯೆಲ್ಲ ಚಳಿಯಲ್ಲಿ ಮಲಗಿತ್ತು. ಈಗ ಸೇದಿ ನೋಡು.”

ಝಮಕು ಹಗ್ಗ ಬಿಟ್ಟಳು. ಕೊಡ ಆಳಕ್ಕೆ ಇಳಿಯಿತು. ಮೇಲೆ ಬಂದಾಗ ನೀರಿನಿಂದ ಹಬೆ ಆಡುತ್ತಿತ್ತು. ಕೈಯದ್ದಿ ನೋಡಿದಳು. ಉಗುರುಬೆಚ್ಚಗಿತ್ತು.

ಇದು ಗೊತ್ತಾಗಲು ಒಂದು ಕುದುರೆ ಸಾಯಬೇಕಾಯಿತೇ ಎನಿಸಿತು ಅವಳಿಗೆ. ಬಾನಿಯ ತಣ್ಣೀರನ್ನು ಚೆಲ್ಲಿ ಹೊಸ ನೀರು ತುಂಬಿದಳು. ಅಂಗೈಯಲ್ಲಿ ಉಪ್ಪು ಹಿಡಿದು ಕಾಜಲಿಗೆ ನೆಕ್ಕಿಸಿದಳು. ಉಪ್ಪು ನೆಕ್ಕಿದ ಕುದುರೆಗೆ ಬಾಯಾರಿತು. ಅದು ನಿಧಾನವಾಗಿ ಎದ್ದು, ಬಾನಿಗೆ ಮೂತಿಯಿಟ್ಟು, ಬಹಳ ದಿನದ ಮೇಲೆ ಗಟಗಟನೆ ಕುಡಿಯಿತು.

ಝಮಕು ಮತ್ತೆ ಹೊಟ್ಟೆಗೆ ಕಿವಿ ಹಚ್ಚಿದಳು.

“ಆಹಾ, ಬಿಸಿನೀರು!” ಎನ್ನುತ್ತಿತ್ತು ಮರಳು. “ಈಗಂತೂ ಎಷ್ಟು ಹಾಯಾಗಿದೆ!”

ಝಮಕುವಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬಾವಿಯ ಕಟ್ಟೆಗೆ ಒರಗಿ ನಿಂತಳು. ಆಗ ಅವಳ ಪಾದದ ಹತ್ತಿರ ಯಾರೋ, “ಅಕ್ಕಾ, ಸ್ವಲ್ಪ ಕಾಲು ತೆಗಿ,” ಎಂದರು.

ಬಗ್ಗಿ ನೋಡಿದರೆ ಇಸಬ್ಗೋಲಿನ ಗಿಡ. ಕೊಡದಿಂದ ತುಳುಕಿದ ನೀರಿನಲ್ಲೇ ಬದುಕಿದ್ದ ಪುಟ್ಟ ಗಿಡ ಅದು. ಗೇಣುದ್ದವೂ ಇರಲಿಲ್ಲ. ತೆನೆಯ ತುಂಬ ದೋಣಿಯಾಕಾರದ ಸಣ್ಣ ಬೀಜಗಳಿದ್ದವು.

“ನಿನ್ನ ಮಾತೆಲ್ಲ ಕೇಳಿಸಿಕೊಂಡೆ,” ಎಂದಿತು ಗಿಡ. “ಮರಳಿಗೆ ಬೇಕಾಗಿರುವುದು ಹೊದಿಕೆ ತಾನೇ? ನನ್ನ ಬೀಜವನ್ನು ನೀರಲ್ಲಿ ನೆನೆಸು. ಪ್ರತಿ ಬೀಜದ ಮೈಯಿಂದಲೂ ಮೆತ್ತನೆಯ ಲೋಳೆ ಬಿಚ್ಚಿಕೊಳ್ಳುತ್ತದೆ. ಅದನ್ನು ಒಂದೊಂದು ಮರಳಿನ ಕಣಕ್ಕೂ ಸುತ್ತುತ್ತೇನೆ. ಸುತ್ತಿಕೊಂಡು ಕೈ ಹಿಡಿದು ಕರೆತರುತ್ತೇನೆ.”

“ಅಷ್ಟೊಂದು ಮರಳಿದೆ. ನೀನು ಇಷ್ಟೇ ಇಷ್ಟು ಇದ್ದೀಯಲ್ಲ!”

“ನನ್ನ ಅಕ್ಕತಂಗಿಯರೂ ಇದ್ದಾರೆ. ಬಾವಿಯ ಆ ಬದಿಗೆ ಹೋಗಿ ನೋಡು.”

ಝಮಕು ನೋಡಿದಳು. ಇದ್ದವು. ಇಷ್ಟು ದಿನ ಅವಳು ಅವುಗಳನ್ನು ತುಳಿದುಕೊಂಡೇ ಓಡಾಡಿದ್ದಳು. ಬಿತ್ತನೆಗೆಂದು ಒಂದಷ್ಟು ತೆನೆ ಬಿಟ್ಟು, ಉಳಿದ ಬೀಜವನ್ನು ಮಡಿಲಿಗೆ ಉದುರಿಸಿಕೊಂಡಳು. ಬೆಚ್ಚನೆಯ ನೀರಿನಲ್ಲಿ ನೆನೆಸಿ, ಸಜ್ಜೆಯ ಹಿಟ್ಟಿನ ಅಂಬಲಿಗೆ ಬೆರೆಸಿ, ಉಪ್ಪು ಹಾಕಿ ಕಾಜಲಿಯ ಮೂತಿಗೆ ಹಿಡಿದಳು. ಅದು ಮೂಸಿತು, ಮುಖ ತಿರುಗಿಸಿತು. ಮತ್ತೆ ಹಿಡಿದಳು. ಮತ್ತೆ ತಿರುಗಿಸಿತು. “ತಿನ್ನು ತಾಯಿ, ನನ್ನ ತಪ್ಪಿಗೆ ನೀನು ಸಾಯಬೇಡ,” ಎಂದಳು ಝಮಕು. ಕಾಜಲಿ ಅವಳ ಮುಖ ನೋಡಿತು. ಮೆಲ್ಲಗೆ ನೆಕ್ಕತೊಡಗಿತು.

ಆ ದಿನ ಮೂರು ಸಲ ತಿನ್ನಿಸಿದಳು. ಮಾರನೆಯ ದಿನ ಮೂರು ಸಲ ತಿನ್ನಿಸಿದಳು. ನಡುನಡುವೆ ಹೊಸ ನೀರು ಸೇದಿ ಕುಡಿಸಿದಳು, ಕೈ ಹಿಡಿದು ನಡೆಸುವ ಹಾಗೆ ಹಗ್ಗ ಹಿಡಿದು ಬಿಸಿಲಲ್ಲಿ ನಡೆಸಿದಳು. ಬೊಬ್ಬೆಗಳು ಮತ್ತೆ ಎದ್ದವು.

ಹೊರಡುವ ದಿನ ಬಂತು. ಬೆಳಿಗ್ಗೆ ಲಾಖೋ ಗಂಟುಮೂಟೆ ಕಟ್ಟಿ ಹಗ್ಗ ಹಿಡಿದು ಬಂದ. ಬಂದವನು ಹಾಗೇ ನಿಂತ. ಕಾಜಲಿ ಬಾಲ ಎತ್ತಿತು. ದಪ್ ದಪ್ ಎಂದು ಲದ್ದಿ ಬಿತ್ತು. ಒಂದು ಬುಟ್ಟಿ, ಎರಡು ಬುಟ್ಟಿ! ನುಣ್ಣಗೆ ಹೊಳೆಯುವ ಲದ್ದಿ. ಅದರೊಳಗೆ ಮರಳಿನ ಒಂದೊಂದು ಕಣವೂ ಲೋಳೆಯ ಶಾಲು ಹೊದ್ದು ಹೊರಗೆ ಬಂದಿತ್ತು.

ಲದ್ದಿಯನ್ನು ನೋಡಿ ಅಷ್ಟೊಂದು ಸಂತೋಷಪಟ್ಟವರು ಲೋಕದಲ್ಲಿ ಅಣ್ಣತಂಗಿಯರಿಬ್ಬರೇ ಇರಬೇಕು. ಲಾಖೋ ನಕ್ಕ. ನಗುತ್ತಾ ನಗುತ್ತಾ ಅವನ ಕಣ್ಣು ತುಂಬಿತು.

“ಬಾದಲ್‌ಗೂ ಹೀಗೇ ಮಾಡಿದ್ದರೆ ಉಳಿಯುತ್ತಿತ್ತಾ, ತಂಗಿ?”

ಇಲ್ಲ ಅಂದುಬಿಡಬಹುದಿತ್ತು. ಝಮಕು ಹಾಗೆ ಅನ್ನಲಿಲ್ಲ.

“ಉಳಿಯುತ್ತಿತ್ತೇನೋ ಅಣ್ಣಾ. ಕುದುರೆಗಳು ನೀರು ಕುಡಿಯುತ್ತಿಲ್ಲ ಅನ್ನೋದನ್ನು ನಾನು ನೋಡಿದ್ದೆ. ಸೇದುವ ಕೆಲಸ ತಪ್ಪಿತು ಅಂತ ಸುಮ್ಮನಿದ್ದೆ. ಮೇವನ್ನೂ ಮರಳಿನ ಮೇಲೇ ಹಾಕಿದೆ.”

ಲಾಖೋ ಕೈಲಿದ್ದ ಹಗ್ಗವನ್ನು ಸುತ್ತಿ ಕೆಳಗಿಟ್ಟ. ದಿನ್ನೆಯ ಕಡೆ ನಡೆದುಹೋದ. ಝಮಕು ಅವನ ಬೆನ್ನನ್ನೇ ನೋಡುತ್ತಾ ನಿಂತಳು. ಇನ್ನು ಅವನು ತನ್ನ ಜೊತೆ ಮಾತಾಡುವುದಿಲ್ಲ ಅಂದುಕೊಂಡಳು.

ಬಿಸಿಲು ಏರಿದಾಗ ಅವನು ತಿರುಗಿ ಬಂದ. ಹೆಗಲ ಮೇಲೆ ದೊಡ್ಡದೊಂದು ಚಪ್ಪಡಿ ಕಲ್ಲಿತ್ತು. ಅದನ್ನು ಇಳಿಸಿ, “ಮೇವು ಹಾಕೋಕೆ ಗೋದಲಿ ಕಟ್ಟುತ್ತೇನೆ. ಎದೆಯೆತ್ತರ ಇದ್ದರೆ ಸಾಕಾ?” ಎಂದು ಕೇಳಿದ.

“ಸಾಕು ಅಣ್ಣಾ,” ಎಂದಳು ಝಮಕು. ಕಲ್ಲಿನ ಇನ್ನೊಂದು ತುದಿಗೆ ಕೈ ಕೊಟ್ಟಳು.

ಗೋದಲಿ ಎದ್ದಿತು. ಹುಲ್ಲು ಮರಳಿಗೆ ತಾಗದೆ ಮೇಲೆ ಉಳಿಯಿತು. ಆದರೆ ಕುದುರೆ ಗೋದಲಿಯಲ್ಲೇ ಮೇಯುತ್ತದೆಯೇ? ಹಗಲೆಲ್ಲ ಬಯಲಿಗೆ ಹೋಗಬೇಕು, ನೆಲದ ಹುಲ್ಲನ್ನು ಬುಡಸಮೇತ ಕಿತ್ತು ತಿನ್ನಬೇಕು. ಬುಡದಲ್ಲಿ ಮರಳು ಇದ್ದೇ ಇತ್ತು.

ಅದನ್ನೇ ಯೋಚಿಸುತ್ತಾ ಝಮಕು ದಿನ್ನೆಯ ಮೇಲೆ ಕೂತಿದ್ದಾಗ ಗಾಳಿ ಆ ದಾರಿಯಲ್ಲಿ ಬಂತು.

“ಗಾಳಿಯಣ್ಣಾ, ನನ್ನ ಕುದುರೆಗಳು ಮೇಯುವಾಗ ಹುಲ್ಲಿನ ಮೇಲಿನ ಮರಳನ್ನು ಸ್ವಲ್ಪ ಊದಿಬಿಡುತ್ತೀಯಾ?”

“ಒಂದೊಂದು ತುತ್ತಿಗೂ ನಾನು ಬರಬೇಕೇ?” ಎಂದಿತು ಗಾಳಿ. “ಇಡೀ ಮರುಭೂಮಿ ಸುತ್ತಬೇಕು ಕಣಮ್ಮ. ನಾನು ಒಂದು ಕಡೆ ನಿಲ್ಲುವವನಲ್ಲ.”

ಆಗ ಕಾಜಲಿ ತಲೆಯೆತ್ತಿತು. ಅದುವರೆಗೂ ಅದು ಯಾರೊಡನೆಯೂ ಮಾತಾಡಿದ್ದಿಲ್ಲ.

“ನೀನು ಪೂರ್ತಿ ನಿಲ್ಲಬೇಡ,” ಎಂದಿತು. “ನನ್ನ ಮೂಗಿನೊಳಗೆ ಜಾಗವಿದೆ. ನಿನ್ನಲ್ಲಿ ಒಂದು ಚೂರನ್ನು ಅಲ್ಲಿ ಬಿಟ್ಟುಹೋಗು. ಯಾವ ತುತ್ತಿಗೆ ಊದಬೇಕು ಅನ್ನೋದನ್ನು ನಾನೇ ನೋಡಿಕೊಳ್ಳುತ್ತೇನೆ.”

ಗಾಳಿ ಯೋಚಿಸಿತು. “ಆಗಲಿ. ಆದರೆ ಮರಳಿನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ. ಅದನ್ನು ಒಂದು ಕಡೆ ಕೂರಲು ಬಿಡದೆ ಅಲೆಸುತ್ತಿರುವವನು ನಾನೇ. ಮೆಲ್ಲಗೆ ಊದಿ ಪಕ್ಕಕ್ಕೆ ಸರಿಸಿ, ಅಷ್ಟೇ.”

“ಮೆಲ್ಲಗೇ ಊದುತ್ತೇವೆ,” ಎಂದಿತು ಕಾಜಲಿ.

ಗಾಳಿ ಅದರ ಮೂಗಿನ ಹೊಳ್ಳೆಗಳೊಳಗೆ ತನ್ನ ಒಂದೊಂದು ಚೂರನ್ನು ಇಟ್ಟಿತು. ಉಳಿದ ಐದು ಕುದುರೆಗಳಿಗೂ ಇಟ್ಟಿತು. ಇಟ್ಟು ತನ್ನ ದಾರಿ ಹಿಡಿಯಿತು. ಕಾಜಲಿ ಹುಲ್ಲಿಗೆ ಮೂತಿ ತಂದು, ‘ಫುರ್‌ರ್’ ಎಂದು ಊದಿತು. ಮರಳು ಪಕ್ಕಕ್ಕೆ ಸರಿದು ಕೂತಿತು. ಆಮೇಲೆ ಕುದುರೆ ಹುಲ್ಲು ಕಚ್ಚಿತು.

ಚಳಿ ಮುಗಿಯುವ ಹೊತ್ತಿಗೆ ಕಾಜಲಿ ಬೂದುಬಣ್ಣದ ಮರಿ ಹಾಕಿತು. ಲಾಖೋ ಅದನ್ನು ಎಷ್ಟು ಹೊತ್ತು ನೋಡಿದನೋ! ಅದಕ್ಕೆ ಬಾದಲ್‌ನ ಹೆಸರು ಇಡೋಣವೇ ಎಂದು ಝಮಕು ಕೇಳಿದಳು. “ಬೇಡ. ಬಾದಲ್‌ನ ಹೆಸರು ಬಾದಲ್‌ಗೇ ಇರಲಿ,” ಎಂದ. ಕೆಲವು ವಾರ ಕಳೆದು ಮರಿ ಮೊದಲ ಸಲ ಹುಲ್ಲಿಗೆ ಬಾಯಿ ಹಾಕಲು ಹೋದಾಗ, ಯಾರೂ ಹೇಳಿಕೊಡದಿದ್ದರೂ, ಮೊದಲು ಪುಟ್ಟದಾಗಿ ‘ಫುರ್’ ಎಂದಿತು.

ಅಂದಿನಿಂದ ಇಂದಿನವರೆಗೂ, ಮಗು, ಕುದುರೆ ಯಾವ ಊರಲ್ಲೇ ಇರಲಿ, ಮೇವಿಗೆ ಮೂತಿ ತಂದಾಗ ಒಮ್ಮೆ ಉಸಿರೂದಿ ಆಮೇಲೆ ತಿನ್ನುತ್ತದೆ. ಚಳಿಗಾಲದ ಬೆಳಿಗ್ಗೆ ನೀನು ಅದರ ಹತ್ತಿರ ನಿಂತರೆ, ಆ ಹಳೆಯ ಗಾಳಿಯ ಚೂರು ಬೆಳ್ಳಗೆ ಹಬೆಯಾಗಿ ಮೂಗಿನಿಂದ ಹೊರಗೆ ಬಂದು ಹೋಗುವುದು ನಿನ್ನ ಕಣ್ಣಿಗೂ ಕಾಣಿಸುತ್ತದೆ.