ಒಂದು ಪಾಠದ ರುಚಿ

ಹುಣಸೆಮರದ ಬುಡದಲ್ಲಿ ಹುರಿದ ಕಡಲೆಕಾಯಿ ಮಾರುತ್ತಿದ್ದ ಅಳಿಲಮ್ಮನಿಗೆ ಆಲದ ಕೆಳಗೂ ಒಂದು ಅಂಗಡಿ ಇಡುವ ಆಸೆ. ಅದಕ್ಕೆಂದು ಪೊಟರೆಯ ತುಂಬ ಕಾಯಿ ಕೂಡಿಟ್ಟಿದ್ದಳು. ಸುಳಿವು ಸಿಕ್ಕಿ, ವ್ಯಾಪಾರದ ಪಾಠ ಮಾರುವ ಗಿಳಿರಾಯ ಹಾರಿಬಂದ.

"ವ್ಯಾಪಾರದ ಸರ್ಟಿಫಿಕೇಟಿಲ್ಲದೆ ಎರಡನೇ ಅಂಗಡಿ ನಿಲ್ಲುವುದಿಲ್ಲ, ಅಳಿಲಮ್ಮ. ಪಾಠವೆಲ್ಲ ಆನ್‌ಲೈನ್, ಪೊಟರೆಯಲ್ಲಿ ಕೂತೇ ಕಲಿಯಬಹುದು. ಶುಲ್ಕ ನೀನು ಕೂಡಿಟ್ಟ ಕಾಯಿಯಷ್ಟೂ."

ಹೊಸ ಅಂಗಡಿಯ ಮುಂದೆ ಸರ್ಟಿಫಿಕೇಟು ತೂಗುವುದು ಅಳಿಲಮ್ಮನ ಕಣ್ಣಿಗೆ ಕಟ್ಟಿತು. ಒಪ್ಪಿಯೇಬಿಡುತ್ತಿದ್ದಳು, ಆದರೆ ಅಂಗಡಿಯ ಅಭ್ಯಾಸ ಬಿಡಲಿಲ್ಲ.

"ನನ್ನಲ್ಲಿ ಯಾರೇ ಬಂದರೂ ಒಂದು ಕಾಯಿ ಸುಲಿದು ರುಚಿ ನೋಡಿ ಆಮೇಲೆ ಕೊಳ್ಳುತ್ತಾರೆ, ರಾಯರೇ. ನನಗೂ ಒಂದು ಪಾಠದ ರುಚಿ ತೋರಿಸಿ."

ಗಿಳಿರಾಯ ಕತ್ತು ಕೊಂಕಿಸಿದ. "ಸರಿ, ಮೊದಲ ಪಾಠ ಕೇಳು. ಗಿರಾಕಿಗೆ ಎಂದೂ ರುಚಿ ನೋಡಲು ಕೊಡಬೇಡ. ನೋಡಿದವರಲ್ಲಿ ಅರ್ಧ ಜನ ಕೊಳ್ಳದೆ ಹೋಗುತ್ತಾರೆ."

"ನಿಮ್ಮ ಸರಕಿಗೆ ಆ ಮಾತು ಸರಿ," ಎಂದಳು ಅಳಿಲಮ್ಮ. "ನಾನೀಗ ರುಚಿ ನೋಡಿದೆ. ನನಗೆ ಬೇಡ."

ಕೂಡಿಟ್ಟ ಕಾಯಿಯನ್ನೇ ಬಂಡವಾಳ ಮಾಡಿ ಅವಳು ಆಲದ ಕೆಳಗೆ ಅಂಗಡಿ ತೆರೆದಳು. ಸರ್ಟಿಫಿಕೇಟು ತೂಗಬೇಕಿದ್ದ ಜಾಗದಲ್ಲಿ ಬುಟ್ಟಿಯೊಂದನ್ನು ಕಟ್ಟಿ, ರುಚಿ ನೋಡುವವರಿಗೆಂದು ಬಿಸಿ ಕಾಯಿ ತುಂಬಿಟ್ಟಳು. ಅಂಗಡಿ ತೆರೆದ ದಿನ ಆ ಬುಟ್ಟಿಗೆ ಎಲ್ಲರಿಗಿಂತ ಮೊದಲು ಕೊಕ್ಕು ಹಾಕಿದವನು ಗಿಳಿರಾಯ. ಒಂದು ತಿಂದ, ಚೌಕಾಸಿ ಮಾಡದೆ ಒಂದು ಸೇರು ಕೊಂಡ.