ಬಳುಕಮ್ಮನ ಸೊನ್ನೆಮರಿ

ಅದೊಂದು ಸೋಮವಾರ. ಟೀಚರ್ ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರಿನ ಗುಂಡಿ ಒತ್ತಿದರು. ಪುಟ್ಟ ಪರದೆ ಬೆಳಗಿತು. ಪರದೆಯ ನಡುವೆ ಒಂದು ನೇರ ಗೆರೆ. ಅದೇ ನೆಲ. ಅದರ ಉದ್ದಕ್ಕೂ ಒಂದು, ಎರಡು, ಮೂರು ಎಂದು ಅಂಕಿಗಳು. ಬಳುಕಮ್ಮ ಎಂಬ ಬಾಗುಗೆರೆ ನೆಲದ ಕೆಳಗಿನಿಂದ ಬಂದಳು. ನೆಲ ದಾಟಿದಳು. ಮೇಲೆ ಹೋದಳು. ನೆಲ ದಾಟುವ, ಎತ್ತರ ಸೊನ್ನೆಯಾಗುವ ಜಾಗದಲ್ಲಿ ದಿನವೂ ಅವಳ ಸೊನ್ನೆಮರಿ ಕಾಣುತ್ತಿತ್ತು. ಅವತ್ತು ಕಾಣಲಿಲ್ಲ.

ಬಳುಕಮ್ಮನ ಮೈಮೇಲೆ ಓಡಿ ಸೊನ್ನೆಯನ್ನು ಹುಡುಕುವುದು ಚುಕ್ಕಿಯ ಕೆಲಸ. ಬಳುಕಮ್ಮ ಚುಕ್ಕಿಯ ಹತ್ತಿರ ಹೋದಳು.

"ಚುಕ್ಕಿ ತಂಗಿ, ಸೊನ್ನೆ ಕಾಣದು. ನೀನು ಓಡಿ ಹುಡುಕು."

ಚುಕ್ಕಿ ಮೂತಿ ತಿರುಗಿಸಿದಳು. "ಓಡೋದು ನಾನು. ಹೊಗಳಿಕೆ ಸೊನ್ನೆಗೆ. ನಾನು ಓಡಲ್ಲ."

ಚುಕ್ಕಿ ಓಡುವುದು ಟೀಚರ್ ಬಳುಕಮ್ಮನ ಮೈಮೇಲೆ ನೆಡುವ ಎರಡು ಗೂಟಗಳ ನಡುವೆ. ಬಳುಕಮ್ಮ ಬಲಗೂಟದ ಹತ್ತಿರ ಹೋದಳು.

"ಬಲಗೂಟಣ್ಣ, ಸೊನ್ನೆ ಕಾಣದು. ಚುಕ್ಕಿ ಓಡಳು. ನೀನು ಅವಳನ್ನು ಕರಿ."

ಬಲಗೂಟ ಮುಖ ಊದಿಸಿಕೊಂಡ. "ಟೀಚರ್ ಯಾವತ್ತೂ ಎಡಗೂಟನನ್ನೇ ಮೊದಲು ನೆಡ್ತಾರೆ. ನಾನು ಕರೆಯಲ್ಲ."

ಬಳುಕಮ್ಮ ಎಡಗೂಟನನ್ನು ಹುಡುಕಿದಳು. ಅವನು ನೆಲದ ಕೆಳಗೆ ಇರಬೇಕಿತ್ತು. ಇರಲಿಲ್ಲ. ಮೇಲೇರಿ ಬಲಗೂಟನ ಪಕ್ಕದಲ್ಲೇ ನಿಂತಿದ್ದ.

"ಎಡಗೂಟಣ್ಣ, ಸೊನ್ನೆ ಕಾಣದು. ಚುಕ್ಕಿ ಓಡಳು. ಬಲಗೂಟ ಕರೆಯನು. ನೀನು ಕೆಳಗಿಳಿ."

"ಅವನಿಗೆ ಮೇಲಿನ ಜಾಗ. ನನಗೆ ಮಾತ್ರ ಕೆಳಗಿಂದು. ನಾನು ಇಳಿಯಲ್ಲ."

ಬಳುಕಮ್ಮ ನೆಲದಜ್ಜಿಯ ಹತ್ತಿರ ಹೋದಳು. ಅವಳ ದನಿ ಸಣ್ಣಗಾಗಿತ್ತು.

"ನೆಲದಜ್ಜಿ, ಸೊನ್ನೆ ಕಾಣದು. ಚುಕ್ಕಿ ಓಡಳು. ಬಲಗೂಟ ಕರೆಯನು. ಎಡಗೂಟ ಇಳಿಯನು. ನನ್ನ ಮರಿ ಎಲ್ಲಿ?"

ಅಜ್ಜಿ ಬೈಯಲಿಲ್ಲ. ಎಡಗೂಟನನ್ನು ಮಾತಾಡಿಸಿದಳು. "ನಿನಗೂ ಬಲಗೂಟನಿಗೂ ನಡುವೆ ನಾನು ಇದ್ದೀನಾ, ನೋಡು ಮಗಾ."

ಎಡಗೂಟ ನೋಡಿದ. ಅಜ್ಜಿ ನಡುವೆ ಇರಲಿಲ್ಲ. ಕೆಳಗೆ ಇದ್ದಳು.

"ಒಬ್ಬ ಮೇಲಿರಬೇಕು, ಒಬ್ಬ ಕೆಳಗಿರಬೇಕು. ಆಗಲೇ ನಡುವೆ ನಾನು. ನಾನಿಲ್ಲದ ಕಡೆ ಸೊನ್ನೆ ಎಲ್ಲಿ ಕೂರುತ್ತೆ?"

ಎಡಗೂಟ, ಇಳಿದರೂ ತನ್ನನ್ನೇ ಮೊದಲು ನೆಡುತ್ತಾರಾ ಎಂದು ಕೇಳಿದ. ಅಜ್ಜಿ ಹೂಂ ಅಂದಳು.

ಎಡಗೂಟ ಇಳಿದ.

ಎಡಗೂಟ ಇಳಿದನೆಂದು ಬಲಗೂಟ ಕರೆದ. "ಬಾರೇ ಚುಕ್ಕಿ. ಸೊನ್ನೆಯನ್ನು ಎಲ್ಲರಿಗಿಂತ ಮೊದಲು ನೋಡೋಳು ನೀನೇ ಅಲ್ವಾ?"

ಬಲಗೂಟ ಕರೆದನೆಂದು ಚುಕ್ಕಿ ಓಡಿದಳು.

ಚುಕ್ಕಿ ಓಡಿದಳೆಂದು ಸೊನ್ನೆ ಕಂಡಿತು.

ಬಳುಕಮ್ಮ ನೋಡಿದಳು. ಚುಕ್ಕಿ ನೋಡಿದಳು. ಬಲಗೂಟ ನೋಡಿದ. ಎಡಗೂಟ ನೋಡಿದ.

ಸೊನ್ನೆಮರಿ ಮೂರು ಎಂಬ ಅಂಕಿಯ ಮೇಲೆ ಕೂತಿತ್ತು.